ಸೇತುವೆಯ ಮೇಲೆ ಯಾರೂ ಇಲ್ಲ

ವಾಚನಾಲಯದ ಗೋಡೆಯ ಉದ್ದಕ್ಕೂ ನಮ್ಮ ಊರಿನ ಫೋಟೊ ಇದೆ. ಎಡತುದಿಯಲ್ಲಿ ಗಿರಣಿಯ ಚಿಮಣಿ, ಬಲತುದಿಯಲ್ಲಿ ತುಂಬಿದ ಹೊಳೆ, ಹೊಳೆಯ ಮೇಲೆ ಸೇತುವೆ. ಹತ್ತಿರ ಹೋಗಿ ನಿಂತರೆ ಮಾಳಿಗೆಗಳ ಮೇಲೆ ಒಣಹಾಕಿದ ಸಂಡಿಗೆಯನ್ನೂ ಎಣಿಸಬಹುದು. ಸೇತುವೆಯ ಮೇಲೆ ಮಾತ್ರ ಯಾರೂ ಇಲ್ಲ.

ಅದನ್ನು ತೆಗೆದವನು ಫಣಿರಾಜ, ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಿಗ್ಗೆ ನನ್ನನ್ನೂ ನೀರಿನ ಟ್ಯಾಂಕಿನ ಮೇಲಕ್ಕೆ ಕರೆದೊಯ್ದ. ನನ್ನ ಮೊಣಕಾಲು ನೋವು ಅವನಿಗೆ ಗೊತ್ತಿತ್ತು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ತಾನೇ ದಣಿದವನಂತೆ ನಿಲ್ಲುತ್ತಿದ್ದ. ಒಂದೇ ಫೋಟೊದಲ್ಲಿ ಊರು ಹಿಡಿಸುವುದಿಲ್ಲ. ಡಿಜಿಟಲ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ತುಸು ತುಸುವೇ ತಿರುಗಿಸುತ್ತ, ಹಿಂದಿನ ಫೋಟೊದ ಅಂಚು ಮುಂದಿನದರಲ್ಲೂ ಬರುವಂತೆ ತೆಗೆಯುತ್ತ ಹೋಗಿ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಗಟ್ಟಿಯಾಗಿ ಎಣಿಸುವುದು ನನ್ನ ಕೆಲಸ. ನಲವತ್ತೊಂದಾದ ಮೇಲೆ ಮೋಡ ಅಡ್ಡ ಬಂತು. ಬೆಳಕು ಮೊದಲಿನಂತಾಗದೆ ಮುಂದುವರಿಯುವಂತಿರಲಿಲ್ಲ. ನೆರಳಿಗೆ ಸರಿದು ಕೂತೆವು. ಥರ್ಮಾಸಿನಿಂದ ಅವನು ನನಗೆ ಚಹಾ ಬಗ್ಗಿಸಿಕೊಟ್ಟ. ಮೋಡ ಸರಿಯಿತು. "ನಲವತ್ತೆರಡು" ಎಂದೆ.

ಅದೇ ಬೆಳಿಗ್ಗೆ ನನ್ನ ನೆರೆಮನೆಯ ನೀಲವ್ವನ ಗಂಡ ಕಲಿನಾಥಪ್ಪ ಕೊಡೆ ಹಿಡಿದು ಮನೆಯಿಂದ ಹೊರಟವರು ಮರಳಲಿಲ್ಲ. ನೂಲಿಗೆ ಬಣ್ಣ ಹಾಕುವ ಕೆಲಸ ಹೋದಂದಿನಿಂದ ಅವರು ಮಾತನ್ನೇ ಬಿಟ್ಟಿದ್ದರು. ಎಂಟು ದಿನ ಹುಡುಕಿದ್ದಾಯಿತು. ಒಂಬತ್ತನೆಯ ದಿನ ನೀಲವ್ವ ನನ್ನ ಹತ್ತಿರ ಬಂದಳು.

"ಅಕ್ಕೋರ, ಅವತ್ತ ಇಡೀ ಊರಿನ ಫೋಟೊ ತಗದೀರಂತ. ಅದರಾಗ ಎಲ್ಲೋ ಒಂದ ಕಡೆ ಅವರೂ ಇರಬೇಕಲ್ರೀ."

ಅವಳನ್ನು ಫಣಿರಾಜನ ಮನೆಗೆ ಕರೆದೊಯ್ದೆ. ಅವನು ಜೋಡಿಸಿ ಮುಗಿಸಿದ್ದ. ಪರದೆಯ ಮೇಲೆ ಊರನ್ನು ಹಿಗ್ಗಿಸಿ, ಓಣಿ ಓಣಿಯನ್ನೂ ಅವಳಿಗೆ ತೋರಿಸಿದ. ತನ್ನ ಮನೆಯ ಕೌದಿ ಅಂಗಳದಲ್ಲಿ ತೂಗುತ್ತಿದ್ದುದನ್ನು ಅವಳು ಗುರುತಿಸಿದಳು. ಗಂಡ ಎಲ್ಲೂ ಕಾಣಲಿಲ್ಲ. ಕೊನೆಗೆ ಬಂದ ಸೇತುವೆಯೂ ಖಾಲಿಯಾಗಿತ್ತು. "ಹೊಳಿ ಕಡೆ ಹೋಗಿಲ್ಲ ಬಿಡ್ರಿ" ಎಂದು ನೀಲವ್ವ ಉಸಿರು ಬಿಟ್ಟಳು.

ಫಣಿರಾಜನ ಕೈ ನಿಂತಿತು. ಅವಳನ್ನು ಓಣಿಯ ತಿರುವಿನವರೆಗೂ ಕಳಿಸಿಬಂದು, ಜೋಡಿಸುವ ಮುಂಚಿನ ಎರಡು ಫೋಟೊ ತೆರೆದ. ನಲವತ್ತೊಂದರಲ್ಲಿ ಸೇತುವೆಯ ಅಂಚಿನ ಕಟಾಂಜನಕ್ಕೆ ಒರಗಿ ಒಬ್ಬರು ನಿಂತಿದ್ದರು, ತೋಳಿನಲ್ಲಿ ಕೊಡೆ. ನಲವತ್ತೆರಡರಲ್ಲಿ ಕೊಡೆ ಮಾತ್ರ ಕಟಾಂಜನಕ್ಕೆ ತೂಗುತ್ತಿತ್ತು.

"ಒಂದರೊಳಗ ಇದ್ದು ಇನ್ನೊಂದರೊಳಗ ಇಲ್ಲದ್ದನ್ನ ಅಳಸಿಬಿಡ್ತೀನ್ರಿ ಮೇಡಂ" ಎಂದ. "ಇಲ್ಲಂದ್ರ ಅರ್ಧ ಮನಿಷ್ಯಾ ಕಾಣಸ್ತಾನ. ಛತ್ರಿನೂ ಹಂಗ ಅಳಸೀನಿ. ಯಾರಂತ ನೋಡಲಿಲ್ಲ."

ಆ ಎರಡು ಫೋಟೊಗಳ ನಡುವೆ ನಾನು ಚಹಾ ಕುಡಿಯುತ್ತಿದ್ದೆ. ಅದೊಂದೇ ನನಗೆ ಹೊಳೆಯುತ್ತಿದ್ದುದು.

ಮರುದಿನ ಹೋಗಿ ಹೇಳಿದೆ. ನೀಲವ್ವ ಅಕ್ಕಿ ಆರಿಸುತ್ತಿದ್ದಳು. ಬೆರಳುಗಳು ಬಹಳ ಹೊತ್ತು ಹಾಗೆಯೇ ಆಡುತ್ತಿದ್ದವು. ಅಳಲಿಲ್ಲ. ನಾನು ಎದ್ದು ಹೊರಡುವಾಗ ಕೇಳಿದಳು:

"ಅವರ ಮಾರಿ ಯಾವ ಕಡೆ ಇತ್ರಿ?"

ಆ ಫೋಟೊದಲ್ಲಿ ಅವರ ಬೆನ್ನಷ್ಟೇ ಕಾಣುತ್ತಿತ್ತು. ಮುಖ ನೀರಿನ ಕಡೆಗಿತ್ತು.

"ಊರ ಕಡೆ" ಎಂದೆ. "ನಮ್ಮ ಓಣಿ ಕಡೆ."

ಅವಳು ತಲೆಯಾಡಿಸಿದಳು. "ಹಂಗಾದ್ರ ನಮ್ಮ ಮನಿ ಕಂಡಿರ್ತದ."

ಸಮಾಧಾನವಾಗಲೆಂದು ಆಡಿದ ಮಾತು. ಮನೆ ಕಂಡರೂ ಹೋದರೆಂಬ ಭಾರವನ್ನು ಅವಳ ಮೇಲೆ ಹೊರಿಸಿದೆನೆಂದು ಹೊಸ್ತಿಲು ದಾಟಿದ ಮೇಲೆ ತಿಳಿಯಿತು. ಹಿಂದಿರುಗಿ ತಿದ್ದಲು ನನಗೆ ಧೈರ್ಯ ಬರಲಿಲ್ಲ. ಹೊಳೆಯೂ ಏನನ್ನೂ ಮರಳಿಸಲಿಲ್ಲ.

ಪ್ರತಿ ಸೋಮವಾರ ನೀಲವ್ವ ವಾಚನಾಲಯಕ್ಕೆ ಬರುತ್ತಾಳೆ. ಫೋಟೊ ಮುಟ್ಟಿದವರನ್ನು ಗದರಿಸುವ ಗ್ರಂಥಪಾಲಕರು ಅವಳು ಬಂದೊಡನೆ ಬೆನ್ನು ತಿರುಗಿಸಿ ಹಳೆಯ ಪತ್ರಿಕೆ ಜೋಡಿಸತೊಡಗುತ್ತಾರೆ. ಅವಳು ಖಾಲಿ ಸೇತುವೆಯ ಮೇಲೆ ಬೆರಳಿಡುತ್ತಾಳೆ. ಅಲ್ಲಿಂದ ಮಾಳಿಗೆಗಳ ಮೇಲೆ ಮೆಲ್ಲಗೆ ಎಳೆಯುತ್ತ, ಕೌದಿ ತೂಗುವ ಅಂಗಳ ದಾಟಿಸಿ, ತನ್ನ ಬಾಗಿಲಲ್ಲಿ ನಿಲ್ಲಿಸುತ್ತಾಳೆ. ಈಗ ಸೇತುವೆಯಿಂದ ಆ ಬಾಗಿಲಿನವರೆಗೆ ಬಣ್ಣ ಸವೆದು, ಕಾಲುದಾರಿಯಂಥ ಒಂದು ಬಿಳಿ ಗೆರೆ ಮೂಡಿದೆ.