ಕೋಟಿನ ಎಡಭಾಗ

ನಿನ್ನೆ ಅಕ್ಕ ಹೆಣೆದದ್ದು ಆರು ಸಾಲು. ಪುಟ್ಟಿ ಕಡ್ಡಿಯನ್ನು ಹುಷಾರಾಗಿ ಎಳೆದು ಆ ಆರನ್ನೂ ಬಿಚ್ಚತೊಡಗಿದಳು. ಬೆಳಗಿನ ಐದೂವರೆ. ಅಕ್ಕ ಏಳುವುದು ಏಳಕ್ಕೆ. ಅಷ್ಟರೊಳಗೆ ಅಷ್ಟೇ ಸಾಲನ್ನು ಮತ್ತೆ ಹೆಣೆದು, ಏನೂ ಆಗಿಲ್ಲವೆಂಬಂತೆ ಬುಟ್ಟಿಯಲ್ಲಿಡಬೇಕು. ಮೂರು ವಾರದಿಂದ ನಡೆದಿರುವ ಕಳ್ಳತನ ಇದು. ಕಳ್ಳಿಗೆ ಐವತ್ತಾರು ವರ್ಷ; ಆದರೂ ಪುಟ್ಟಿ ಎಂಬ ಹೆಸರು ಹೋಗಿಲ್ಲ. ಕರೆಯುವ ಅಕ್ಕನಿಗೆ ಅರವತ್ತೊಂದಾದ್ದರಿಂದ ಇನ್ನು ಹೋಗುವ ಸಂಭವವೂ ಇಲ್ಲ.

ನೋಡಬಾರದು ಎಂದುಕೊಂಡರೂ ಕಣ್ಣು ಹೋಗುತ್ತಿತ್ತು. ಒಂದು ಕುಣಿಕೆ ಬಿಗಿ, ಪಕ್ಕದ್ದು ಬೆರಳು ತೂರುವಷ್ಟು ಸಡಿಲ. ಎರಡು ಕಡೆ ಕುಣಿಕೆ ಜಾರಿ, ಕೆಳಗಿನ ಸಾಲುಗಳವರೆಗೂ ಏಣಿಯಂತೆ ಬಿಟ್ಟುಕೊಂಡಿತ್ತು. ಹೆಣೆಯುವಾಗ ಕೈ ನೋಡುವ ಅಭ್ಯಾಸ ಅಕ್ಕನಿಗೆ ಯಾವತ್ತೂ ಇರಲಿಲ್ಲ. ಕಿಟಕಿಯಾಚೆ ಬೀದಿ ನೋಡುತ್ತ, ಎದುರುಮನೆಯವರು ಬಟ್ಟೆ ಒಣಹಾಕುವ ರೀತಿಗೆ ತಪ್ಪು ಹುಡುಕುತ್ತ ಹೆಣೆಯುತ್ತಿದ್ದಳು. ಹತ್ತಿರದ ಕನ್ನಡಕ ಹಾಕಿಕೊಳ್ಳುವುದೆಂದರೆ ಅವಳಿಗೆ ಅವಮಾನ. ಸಂಜೆಯಾದರೆ ಪುಟ್ಟಿಯೇ "ಕೊಡಕ್ಕ, ಎತ್ತಿಡ್ತೀನಿ" ಎಂದು ಕೈಯಿಂದ ತೆಗೆದುಕೊಂಡುಬಿಡುತ್ತಿದ್ದಳು.

ನರದ ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ಪುಟ್ಟಿಗೆ ಹೇಳಿದ್ದರು. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಹೋಗಿದೆ, ಅದು ವಾಪಸು ಬರುವುದಿಲ್ಲ, ಉಳಿದವೂ ಒಂದೊಂದಾಗಿ ಹೋಗುತ್ತವೆ. ಬಾಗಿಲು ದಾಟಿ ಬಂದ ಪುಟ್ಟಿಯ ಬಾಯಿಂದ ಬಂದದ್ದು, "ವಿಟಮಿನ್ ಕಮ್ಮಿಯಂತೆ, ಮಾತ್ರೆ ಬರ್ದಿದಾರೆ." ಒಂದು ಸಲ ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ! ಅದಕ್ಕೇ ಈ ಐದೂವರೆ.

ಕೋಟಿನ ಬೆನ್ನು, ಎರಡು ತೋಳು, ಮುಂದಿನ ಬಲಭಾಗ ಎಲ್ಲವೂ ಕೈ ಚೆನ್ನಾಗಿದ್ದಾಗಲೇ ಮುಗಿದಿದ್ದವು. ಉಳಿದದ್ದು ಎಡಭಾಗ ಒಂದೇ. ಅಂಥ ಡಿಸೈನನ್ನು ಅಕ್ಕ ಹಿಂದೆಂದೂ ಮಾಡಿರಲಿಲ್ಲ. ಕೆಳ ಅಂಚಿನಲ್ಲಿ ಹೆಣಿಗೆಯಲ್ಲೇ ಮೂಡುವ, ತೋಳಿನಷ್ಟು ದಪ್ಪದ ಒಂದು ಜಡೆ. ಸೊಂಟದ ಹತ್ತಿರ ಅದು ಎರಡಾಗಿ, ಕಂಕುಳ ಹತ್ತಿರ ನಾಲ್ಕಾಗಿ, ಭುಜ ಮುಟ್ಟುವ ಹೊತ್ತಿಗೆ ಎಳೆ ಎಳೆಯಾಗಿ ಚದುರಿಹೋಗುತ್ತದೆ. ನೂಲಿಗೆ ಬಣ್ಣ ಹಾಕಿಲ್ಲ, ಕುರಿಯ ಬೂದು ಬಣ್ಣವೇ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಒಂಟಿ ಎಳೆ. ನೂಲುತ್ತಿದ್ದ ಮುದುಕ ಸತ್ತು, ಅವನ ಅಂಗಡಿಯಲ್ಲಿ ಉಳಿದಿದ್ದ ಹನ್ನೊಂದು ಉಂಡೆ ಅಕ್ಕನ ಪಾಲಿಗೆ ಬಂದಿತ್ತು. ಹನ್ನೆರಡನೆಯದು ಲೋಕದಲ್ಲೇ ಇಲ್ಲ. ಒಂಟಿ ಎಳೆಯ ನೂಲು ಬಿಚ್ಚಿ ಬಿಚ್ಚಿ ಹೆಣೆದರೆ ಸವೆಯುತ್ತದೆ, ಕೊನೆಗೆ ಕೈಯಲ್ಲೇ ತುಂಡಾಗುತ್ತದೆ.

ಪೇಟೆಯ ದೊಡ್ಡ ಅಂಗಡಿಯ ಯಜಮಾನಿ ಶನಿವಾರ ಹನ್ನೊಂದಕ್ಕೆ ಕೋಟು ನೋಡಲು ಬರುವವಳಿದ್ದಳು. ಈ ಚಳಿಗಾಲ ಅವಳ ಗಾಜಿನ ಕಪಾಟಿನಲ್ಲಿ ಅಕ್ಕನ ಕೋಟು ನಿಲ್ಲಬೇಕು, ಇಲ್ಲವೇ ಮೆಷಿನ್ನಿನ ಸ್ವೆಟರು. "ಇದೊಂದು ನಿಂತ್ಬಿಟ್ರೆ ಸಾಕು ಕಣೆ, ಆಮೇಲೆ ನಾನು ಕಾಲ್ಚೀಲ ಹೆಣ್ಕೊಂಡ್ ಕೂತ್ರೂ ಪರ್ವಾಗಿಲ್ಲ" ಎನ್ನುತ್ತಿದ್ದಳು ಅಕ್ಕ.

ಪುಟ್ಟಿಗೆ ಹೆಣೆಯಲು ಬರುತ್ತದೆ, ಆದರೆ ಹೆಣೆಯುವ ಅಪ್ಪಣೆ ಇರಲಿಲ್ಲ. ಮೂವತ್ತು ವರ್ಷದಿಂದ ಅವಳ ಪಾಲಿನ ಕೆಲಸ ತೊಳೆಯುವುದು, ಅಳತೆಗೆ ಎಳೆದು ಪಿನ್ನು ಚುಚ್ಚಿ ಒಣಗಿಸುವುದು, ತುಂಡುಗಳನ್ನು ಜೋಡಿಸಿ ಹೊಲಿಯುವುದು, ಗುಂಡಿ ಹಚ್ಚುವುದು. ಚಿಕ್ಕವಳಿದ್ದಾಗ ಉಲ್ಟಾ ಸಾಲಿನಲ್ಲಿ ನೂಲನ್ನು ಕಡ್ಡಿಗೆ ಹಿಂದುಮುಂದಾಗಿ ಸುತ್ತುವುದು ಕಲಿತು, ಅಮ್ಮ ಗೆಣ್ಣಿಗೆ ಹೊಡೆದರೂ ಅದು ಬಿಡಲಿಲ್ಲ. ಹಾಗೆ ಸುತ್ತಿದ ಕುಣಿಕೆ ಕಡ್ಡಿಯ ಮೇಲೆ ಬೆನ್ನು ತಿರುಗಿಸಿ ಕೂರುತ್ತದೆ. ಅದಕ್ಕೇ ಈಗ ಅವಳು ಪ್ರತಿ ಕುಣಿಕೆಯನ್ನೂ ಕೊನೆಗೆ ಒಂದೊಂದಾಗಿ ಎತ್ತಿ, ಮುಖ ಈಚೆ ಮಾಡಿ ಕೂರಿಸುತ್ತಿದ್ದಳು.

ಆ ಶುಕ್ರವಾರ ಅಕ್ಕ ಆರೂಮುಕ್ಕಾಲಕ್ಕೇ ಕೆಮ್ಮಿದಳು. ಆರನೆಯ ಸಾಲು ಆಗಷ್ಟೇ ಮುಗಿದಿತ್ತು, ಕುಣಿಕೆಗಳ ಮುಖ ತಿರುಗಿಸುವುದು ಉಳಿದಿತ್ತು. ಪುಟ್ಟಿ ಹೆಣಿಗೆಯನ್ನು ಬುಟ್ಟಿಗೆ ತುರುಕಿ ಚಹಾಕ್ಕೆ ನೀರಿಟ್ಟಳು.

ಒಂಬತ್ತಕ್ಕೆ ಅಕ್ಕ ಕಿಟಕಿಯ ಹತ್ತಿರ ಕೂತು ಕಡ್ಡಿ ಹಿಡಿದಳು. ನಾಲ್ಕು ಕುಣಿಕೆ ಹೆಣೆದು ನಿಲ್ಲಿಸಿದಳು. ಅವಳ ಬಲಗೈಯ ಬೆರಳು ಸತ್ತಿದ್ದವು, ಎಡಗೈಯವು ಸತ್ತಿರಲಿಲ್ಲ. ಎಡ ಹೆಬ್ಬೆರಳು ಕಡ್ಡಿಯ ಮೇಲಿನ ಕುಣಿಕೆಗಳನ್ನು ಸವರುತ್ತ ಆ ತುದಿಯವರೆಗೂ ಹೋಯಿತು.

"ಪುಟ್ಟೀ, ಬಾ ಇಲ್ಲಿ. ಇದ್ಯಾರ ಸಾಲು?"

"ನಿಂದೇ ಕಣಕ್ಕ."

"ನನ್ನ ಕುಣಿಕೆ ಯಾವತ್ತಾದ್ರೂ ಹಿಂಗೆ ಬೆನ್ನು ಹಾಕ್ಕೊಂಡ್ ಕೂತಿದೆಯಾ? ಎಷ್ಟು ಸಾಲು ಮಾಡಿದೀಯ?"

ಪುಟ್ಟಿ ಸೆರಗಿನಲ್ಲಿ ಒದ್ದೆಯಿಲ್ಲದ ಕೈಯನ್ನು ಒರೆಸಿಕೊಂಡಳು. "ಕಂಕುಳಿಂದ ಮೇಲೆ."

"ಎಲ್ಲಾನೂ?"

"ಎಲ್ಲಾನೂ."

ಅಕ್ಕ ಎದುರುಮನೆಯ ಹಗ್ಗದ ಕಡೆ ನೋಡಿದಳು. ಇವತ್ತು ಅಲ್ಲಿ ತಪ್ಪು ಹುಡುಕಲಿಲ್ಲ. "ನಾನು ಹೆಣೆದಿದ್ದು ಅಷ್ಟು ಕೆಟ್ಟದಾಗಿತ್ತೇನೇ?"

ಪುಟ್ಟಿ ಬಗ್ಗಿ ಬುಟ್ಟಿಯಲ್ಲಿನ ಉಂಡೆಯನ್ನು ಸರಿಯಾಗಿಟ್ಟಳು.

"ವಿಟಮಿನ್ನು ಅಂದ್ಯಲ್ಲ. ಡಾಕ್ಟ್ರು ನಿಜವಾಗ್ಲೂ ಏನಂದ್ರು?"

"ವಾಪಸ್ ಬರಲ್ಲ ಅಂದ್ರು, ಅಕ್ಕ."

ಬಯ್ಯುತ್ತಾಳೆ ಎಂದು ಪುಟ್ಟಿ ಕಾದಳು. ಅಕ್ಕನ ಬೈಗುಳ ಬೀದಿಯ ಆ ತುದಿಗೂ ಕೇಳಿಸುವಂಥದ್ದು. ಇವತ್ತು ಅದು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಕಾದು ಕಾದು ಅವಳೇ ಹೇಳಿದಳು: "ನಾನೇ ಮುಗಿಸ್ತೀನಿ ಬಿಡಕ್ಕ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ನಿಜ. ಚೆನ್ನಾಗೇ ಮಾಡಿದೀಯ. ನಂಗೆ ತಡ್ಕೊಳಕ್ಕಾಗದೆ ಇರೋದೇ ಅದು." ಅಕ್ಕ ಹೆಣಿಗೆಯನ್ನು ತಂಗಿಯ ಮಡಿಲಿಗೆ ಹಾಕಿದಳು. "ಬಿಚ್ಚು. ಕಂಕುಳವರೆಗೂ."

"ನೂಲು ತಡೆಯಲ್ಲಕ್ಕ."

"ಬಿಚ್ಚು ಅಂದೆ."

ಪುಟ್ಟಿ ಬಿಚ್ಚಿದಳು. ಮೂರು ವಾರದ ಬೆಳಗುಗಳು ಕಾಲು ಗಂಟೆಯಲ್ಲಿ ಬಿಚ್ಚಿಹೋದವು. ನೂಲು ಐದು ಕಡೆ ತುಂಡಾಯಿತು. ಹೆಣಿಗೆಯಲ್ಲಿ ಗಂಟು ಹಾಕಿದರೆ ಅಕ್ಕನಿಗೆ ಆಗದು, ಆದರೂ ಗಂಟು ಹಾಕದೆ ವಿಧಿಯಿರಲಿಲ್ಲ. ಅಕ್ಕ ಪೆಟ್ಟಿಗೆಯಿಂದ ಕನ್ನಡಕ ತೆಗೆದು, ಒರೆಸಿ ಹಾಕಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಅವಳು ತನ್ನ ಕೈಯನ್ನು ನೋಡುತ್ತ ಹೆಣೆಯತೊಡಗಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಸಂಜೆ ಪುಟ್ಟಿ ಎತ್ತಿಡುತ್ತೇನೆ ಎನ್ನಲಿಲ್ಲ, ಅಕ್ಕನೂ ಕೊಡಲಿಲ್ಲ.

ಶನಿವಾರ ಪುಟ್ಟಿಗೆ ಅಭ್ಯಾಸಬಲದಿಂದ ಐದೂವರೆಗೆ ಎಚ್ಚರವಾಯಿತು. ಅಕ್ಕ ಆಗಲೇ ದೀಪ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ನಿನ್ನೆಯಿಂದ ಏಳು ಸಾಲು ಆಗಿತ್ತು.

"ಎಷ್ಟು ಜಾರಿವೆ, ಎಣಿಸು. ಕನ್ನಡಕದಲ್ಲೂ ನಂಗೆ ಸರಿಯಾಗಿ ಸಿಗ್ತಿಲ್ಲ."

ಪುಟ್ಟಿ ಬಗ್ಗಿ ಎಣಿಸಿದಳು. ಮೂರು ಎನ್ನಲು ಬಾಯಿ ತೆರೆದಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

"ಹದಿನಾಲ್ಕು," ಎಂದಳು.

"ಜಡೆ?"

"ನಾಲ್ಕಾಗ್ಬೇಕಿತ್ತು. ಎಲ್ಲಾ ಒಂದರೊಳಗೊಂದು ಸಿಕ್ಕಾಕ್ಕೊಂಡಿದೆ."

"ಹೂಂ," ಎಂದಳು ಅಕ್ಕ. ಕನ್ನಡಕ ತೆಗೆದು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಇನ್ನೊಂದು ಸಲ ಬಿಚ್ಚಲು ನೂಲಿನಲ್ಲಿ ಜೀವವಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಂಗಡಿಯ ಯಜಮಾನಿಗೆ ಬರಬೇಡಿ ಎಂದು ಫೋನು ಮಾಡಲೇ ಎಂದು ಪುಟ್ಟಿ ಎರಡು ಸಲ ಕೇಳಿದಳು. ಅಕ್ಕ ಬೇಡ ಎನ್ನಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಕೆಳಗೆ ಕಾರು ನಿಂತಿತು. ಮೆಟ್ಟಿಲ ಮೇಲೆ ಎತ್ತರದ ಹಿಮ್ಮಡಿಯ ಸದ್ದು ಹತ್ತತೊಡಗಿತು. ಅಕ್ಕ ಎಡಗೈಯಿಂದ ಕಡ್ಡಿಯನ್ನು ಪೂರ್ತಿ ಎಳೆದು ಪಕ್ಕಕ್ಕಿಟ್ಟಳು. ಒರಟು ಉಣ್ಣೆಯಾದ್ದರಿಂದ ಉಳಿದ ಕುಣಿಕೆಗಳು ತಕ್ಷಣ ಜಾರಲಿಲ್ಲ, ಬಾಯಿ ತೆರೆದು ಇದ್ದಲ್ಲೇ ನಿಂತವು.

ಬಾಗಿಲು ತಟ್ಟಿದ ಸದ್ದಾಯಿತು. ಪುಟ್ಟಿ ಎದ್ದವಳು ಒಮ್ಮೆ ತಿರುಗಿ ನೋಡಿದಳು. ಅಕ್ಕ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟು, ಕೋಟಿನ ಎಡಭಾಗವನ್ನು ಅದಕ್ಕೆ ಹೊದಿಸಿ, ಸುತ್ತಲೂ ಸಂದಿಯಿಲ್ಲದಂತೆ ಒತ್ತುತ್ತಿದ್ದಳು.