ನೀಲಿ ಸಿಪ್ಪೆ

ಪೆನ್ಸಿಲಿನ ಮೊನೆ ಮುರಿದಷ್ಟೇ ಸಣ್ಣ ಸದ್ದು. ಆದರೂ ಲೇತಕ್ಕನ ಕಿವಿಗೆ ಅದು ತಪ್ಪಲಿಲ್ಲ. ಮಷೀನು ನಿಲ್ಲಿಸಿ ಗಾಜಿನ ಬಾಗಿಲು ಸರಿಸಿದಳು. ಉಕ್ಕನ್ನು ಕೊರೆಯುವ ಟಿಪ್ಪಿನ ಮೂಗು ಹಾರಿಹೋಗಿತ್ತು. ಕನ್ನಡಿಯಂತೆ ಹೊಳೆಯಬೇಕಿದ್ದ ಉಕ್ಕಿನ ದಂಡದ, ಶಾಫ್ಟಿನ ಮೈಮೇಲೆ ಯಾರೋ ಉಗುರಿನಿಂದ ಗೀರಿದಂತೆ ಒಂದು ಗೆರೆ.

“ಮತ್ತೆ ಹೋಯ್ತಾ?” ಮೇಸ್ತ್ರಿ ಹಿಂದೆ ಬಂದು ನಿಂತಿದ್ದ. “ಟಿಪ್ ಅಂದ್ರೆ ಬಳಪದ ಚೂರು ಅಂದ್ಕೊಂಡ್ರಾ ಅಕ್ಕ? ಮೂರು ವಾರದಲ್ಲಿ ಇದು ಐದನೇದು.”

“ಉಕ್ಕು ತುಂಬ ಗಟ್ಟಿ ಇದೆ ಮೇಸ್ತ್ರಿ.”

“ಗಟ್ಟಿ ಇದೆ ಅಂತಾನೇ ನಿಮ್ಮ ಕೈಗೆ ಕೊಟ್ಟಿದ್ದು.” ಅವನು ಕತ್ತು ತುರಿಸಿಕೊಂಡ, ಅವಳ ಮುಖ ನೋಡಲಿಲ್ಲ. “ಇನ್ನೊಂದೇ ಶಾಫ್ಟ್ ಉಳಿದಿದೆ. ಇದೂ ಕೆಟ್ರೆ ಮೇಲಿನವರಿಗೆ ನಾನೇನು ಹೇಳ್ಲಿ? ಸೋಮವಾರದಿಂದ ಮಷೀನು ಬೇರೆಯವರಿಗೆ, ನೀವು ಪ್ಯಾಕಿಂಗಿಗೆ. ಅಷ್ಟೇ.” ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. “ಮೊದಲು ಊಟ ಮಾಡಿ, ಆಯ್ತಾ? ಹೊಟ್ಟೆ ಖಾಲಿ ಇಟ್ಕೊಂಡು ಶುರು ಮಾಡ್ಬೇಡಿ.”

ಇಪ್ಪತ್ತೆರಡು ವರ್ಷ ಲೋಹ ಕಡೆಯುವ ಲೇತಿನ ಮುಂದೆ ನಿಂತು ನಿಂತು ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಪ್ಯಾಕಿಂಗ್ ಕೋಣೆಯನ್ನು ಅವಳು ನೋಡಿದ್ದಳು. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ಗೋಡೆಗಡಿಯಾರ. ಅಲ್ಲಿ ಕೈಗೆ ಕೆಲಸವುಂಟು, ಮನಸ್ಸಿಗಿಲ್ಲ. ಮನೆಯಲ್ಲಂತೂ ಗಂಡ ಹೋದ ಮೇಲೆ ಚಮಚ ಕೆಳಗೆ ಬಿದ್ದರೂ ಬೆಚ್ಚಿಬೀಳುವಷ್ಟು ಮೌನ. ಈ ಮಷೀನಿನ ಗುಂಯ್‌ಗುಡುವಿಕೆಯೊಳಗೆ ಹೊಕ್ಕುಬಿಟ್ಟರೆ ದಿನಕ್ಕೆ ಎಂಟು ಗಂಟೆ ಹೊತ್ತಾದರೂ ಅವಳು ಎಲ್ಲೋ ತೇಲುತ್ತ ಇರಬಹುದಿತ್ತು.

ಮೊದಲೆಲ್ಲ ಹಾಲಿನಂತೆ ಬೆಳ್ಳಗಿನ ನೀರು ತಣಿಸಲೆಂದು ಮಷೀನಿನ ಮೇಲೆ ಧಾರಾಕಾರ ಸುರಿಯುತ್ತಿತ್ತು. ಎಲ್ಲರೂ ಅದನ್ನು ಹಾಲುನೀರು ಎನ್ನುತ್ತಿದ್ದರು. ಕಾಯಿಸಿ, ಅದ್ದಿ, ಗಡಸುಗೊಳಿಸಿದ ಉಕ್ಕನ್ನೇ ನೇರವಾಗಿ ಕೊರೆಯುವ ಈ ಹೊಸ ಕೆಲಸ ಬಂದಾಗ ಹಾಲುನೀರಿನ ಕೊಳವೆ ಹೋಯಿತು, ಅದರ ಜಾಗದಲ್ಲಿ ಕಡ್ಡಿಯಷ್ಟು ತೆಳ್ಳನೆಯ ನಳಿಗೆ ಬಂತು. ಗಂಟೆಗೆ ಎರಡು ಮೂರು ಚಮಚ ಎಣ್ಣೆ, ಅದೂ ಗಾಳಿಯಲ್ಲಿ ಬೆರೆತು, ಉಸಿರಿನ ಮಂಜಿನಂತೆ. ಅದನ್ನು ಜೋಡಿಸಲು ಬಂದ ಹುಡುಗಿ ಬಲು ತಾಳ್ಮೆಯಿಂದ ಹೇಳಿಕೊಟ್ಟಿದ್ದಳು: “ಬಿಸಿ ಆಗ್ಲಿ ಮೇಡಂ, ಆಗ್ಬೇಕು. ಆ ಬಿಸಿಯೆಲ್ಲ ಕೊರೆದು ಬರೋ ಸಿಪ್ಪೆ ಜೊತೆಗೇ ಹೊರಟುಹೋಗುತ್ತೆ. ನೀವು ತಣಿಸೋಕೆ ಹೋಗ್ಬೇಡಿ. ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಅಂತಾದ್ರೆ ಟಿಪ್ ಬಿರುಕು ಬಿಡುತ್ತೆ.”

ಕಿವಿ ಕೇಳಿಸಿಕೊಂಡಿತ್ತು. ಕೈ ಕೇಳಿಸಿಕೊಂಡಿರಲಿಲ್ಲ.

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅವಳು ಊಟದ ಡಬ್ಬಿ ಬಿಚ್ಚಿದಾಗ ಪೊರಕೆಯಜ್ಜಿ ಬಂದು ಪಕ್ಕದಲ್ಲಿ ಕೂತಳು. ಕಾರ್ಖಾನೆಯ ಲೋಹದ ಸಿಪ್ಪೆಯನ್ನೆಲ್ಲ ಗುಡಿಸಿ, ಒಣಗಿದ್ದು ಒಂದು ಡ್ರಮ್ಮಿಗೆ, ಒದ್ದೆಯಾದದ್ದು ಇನ್ನೊಂದಕ್ಕೆ ಎಂದು ಬೇರೆ ಮಾಡುವುದು ಅವಳ ಕೆಲಸ. ಮಡಿಲಿನಿಂದ ಎರಡು ಕಾಗದದ ಪೊಟ್ಟಣ ತೆಗೆದು ಮೆಟ್ಟಿಲ ಮೇಲೆ ಬಿಚ್ಚಿಟ್ಟಳು.

“ಎರಡೂ ನಿನ್ನ ಮಷೀನಿಂದೇ ಕಣೇ. ನೋಡು.”

ಒಂದರಲ್ಲಿ ನೀಲಿ ಸಿಪ್ಪೆಗಳು. ಗಡಸು ಉಕ್ಕು ಉದ್ದನೆಯ ರಿಬ್ಬನ್ನಿನಂತೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ತುಸು ತುಸುವೇ ಬಿರಿದು, ಒಂದರ ಮೇಲೊಂದು ಜಾರಿ ಬರುತ್ತದೆ. ಅದಕ್ಕೇ ಸಿಪ್ಪೆಯ ಅಂಚಿನುದ್ದಕ್ಕೂ ಗರಗಸದಂತೆ ಪುಟ್ಟ ಪುಟ್ಟ ಹಲ್ಲು. ಇನ್ನೊಂದು ಪೊಟ್ಟಣದವು ಮಂಕಾಗಿ, ಮೈತುಂಬ ಬಿಳಿಯ ಕಲೆ ಹೊತ್ತು ಮುದುಡಿಕೊಂಡಿದ್ದವು.

“ನಿನ್ನ ಮಷೀನಿಗೆ ಹಾಲುನೀರು ನಿಂತು ಮೂರು ವಾರ ಆಯ್ತು,” ಅಜ್ಜಿ ಅಂದಳು. “ನಿನ್ನ ರಾಶೀಲಿ ಇನ್ನೂ ಒದ್ದೆ ಸಿಪ್ಪೆ. ಏನೇ, ಮಷೀನಿಗೆ ಕದ್ದುಮುಚ್ಚಿ ಹಾಲು ಕುಡಿಸ್ತಿದೀಯಾ?”

ಲೇತಕ್ಕನಿಗೆ ನಗು ಬಂತು, ಅದರ ಹಿಂದೆಯೇ ಬಾಗಿಲ ಕಡೆ ತಿರುಗಿ ನೋಡಿದಳು. “ಮೇಸ್ತ್ರಿಗೆ ಹೇಳಿದ್ರಾ?”

“ಅವನಿಗ್ಯಾಕೆ ಹೇಳ್ಲಿ? ದಿನಾ ಅವನು ಬರೋಕೆ ಮುಂಚೆ ಆರಿಸಿ ಒದ್ದೆ ಸಿಪ್ಪೆ ಡ್ರಮ್ಮಿಗೆ ಹಾಕ್ತಾ ಇದೀನಿ. ಈ ಕಣ್ಣಿಗೆ ಸೂಜಿ ಪೋಣಿಸೋಕಾಗಲ್ಲ, ಇದೊಂದು ಹೇಗೋ ಕಾಣುತ್ತೆ.”

ಲೇತಕ್ಕ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೂತಳು. ಹಳೆಯ ಹಾಲುನೀರಿನ ಒಂದು ಬಾಟಲಿ ಅವಳು ನಿಲ್ಲುವ ಜಾಗದ ಹಿಂದಿನ ಕಪಾಟಿನಲ್ಲಿ ಇತ್ತು. “ಬೇಕು ಅಂತ ಮಾಡಲ್ಲ ಅಜ್ಜಿ. ಟಿಪ್ಪಿನ ತುದಿ ಕೆಂಪಗಾಗುತ್ತಲ್ಲ, ಅದನ್ನ ನೋಡ್ತಾ ನೋಡ್ತಾ ನಾನೆಲ್ಲೋ ಹೋಗ್ಬಿಡ್ತೀನಿ. ಎಚ್ಚರ ಆಗೋ ಹೊತ್ತಿಗೆ ಬಾಗಿಲು ತೆರೆದಿರುತ್ತೆ, ಕೈಯಲ್ಲಿ ಬಾಟ್ಲಿ ಇರುತ್ತೆ. ಅಷ್ಟು ಬಿಸಿ ಆದ್ರೆ ಸುಮ್ನೆ ನೋಡ್ತಾ ಹೇಗೆ ನಿಲ್ಲೋದು?”

ಹೋದ ವರ್ಷ ಅಜ್ಜಿ ಎರಡು ಸಲ ಲೇತಕ್ಕನ ಮನೆಗೆ ಹೋಗಿದ್ದಳು. ಮಂಚದ ಮೇಲೆ ಲೇತಕ್ಕನ ಗಂಡ, ಪಕ್ಕದಲ್ಲಿ ನೀರಿನ ಬಟ್ಟಲು, ಹಿಂಡಿದ ಬಟ್ಟೆ. ಎರಡೂವರೆ ತಿಂಗಳು ಇಳಿಯದ ಜ್ವರ. ಮಾತಾಡುತ್ತಲೇ ಇವಳ ಕೈ ಬಟ್ಟೆ ಅದ್ದುತ್ತಿತ್ತು, ಹಿಂಡುತ್ತಿತ್ತು, ಹಣೆಗೆ ಹಾಕುತ್ತಿತ್ತು. ಅಜ್ಜಿ ಪೊಟ್ಟಣಗಳನ್ನು ಮಡಚಿ ಮಡಿಲಿಗೆ ಸೇರಿಸಿದಳು.

“ಊಟ ಮುಗಿಸು. ಆರಿಹೋಗುತ್ತೆ,” ಅಂದಳು.

ಮಧ್ಯಾಹ್ನದ ಬಿಸಿಲು ಚಾವಣಿಯ ಗಾಜಿನಿಂದ ಇಳಿದು ಮಷೀನುಗಳ ನಡುವೆ ಧೂಳಿನ ಕಂಬಗಳಾಗಿ ನಿಂತಿತ್ತು. ಲೇತಕ್ಕ ಕೊನೆಯ ಶಾಫ್ಟನ್ನು ಬಿಗಿದು, ಹೊಸ ಟಿಪ್ ಹಾಕಿ, ಬಾಗಿಲು ಎಳೆದಳು. ನಳಿಗೆಯ ತುದಿಯಿಂದ ಮಂಜು ಹೊರಟಿತು. ಗುಂಡಿ ಒತ್ತಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಅಜ್ಜಿಯ ದನಿ.

“ಏ, ಇದನ್ನ ಸ್ವಲ್ಪ ಹಿಡ್ಕೋ. ನನ್ನ ಸೊಂಟ ಬಿದ್ದುಹೋಗಿದೆ, ಎರಡು ನಿಮಿಷ ಕೂರ್ತೀನಿ.” ಉದ್ದ ಕೋಲಿನ ಪೊರಕೆಯನ್ನು ಅವಳ ಎಡಗೈಗೆ ತುರುಕಿದಳು. “ಕೆಳಗೆ ಇಡ್ಬೇಡ ಮತ್ತೆ. ಎಣ್ಣೆ ಮೆತ್ಕೊಳ್ಳುತ್ತೆ.”

ಶಾಫ್ಟು ತಿರುಗಿತು. ಟಿಪ್ಪು ತಾಗಿತು. ಮೊದಲ ಸಿಪ್ಪೆ ಹೊನ್ನಿನ ಬಣ್ಣದಲ್ಲಿ ಎದ್ದು, ನೇರಳೆಗೆ ತಿರುಗಿ, ಬೀಳುವ ಹೊತ್ತಿಗೆ ನೀಲಿಯಾಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ತುದಿ ಕೆಂಪಗಾಯಿತು. ಗುಂಯ್‌ಗುಡುವ ಸದ್ದು ದೂರ ದೂರ ಸರಿಯುತ್ತ ಯಾರೋ ನಿದ್ದೆಯಲ್ಲಿ ಉಸಿರಾಡುವಂತೆ ಕೇಳತೊಡಗಿತು. ಮಂಜಿನಾಚೆ ಒಂದು ಕಿಟಕಿ ಇತ್ತು, ಕಿಟಕಿಯ ಪಕ್ಕ ಮಂಚ. ‘ಸಾಕು ಬಿಡೇ, ನೀನೂ ಮಲಕ್ಕೋ’ ಎಂದು ಅವನು ಹೇಳುತ್ತಿದ್ದ. ಆ ದನಿ ಎಷ್ಟು ಹತ್ತಿರವಿತ್ತು!

ಅವಳ ಎಡಗೈ ಹಿಂದಕ್ಕೆ, ಬಾಟಲಿಯತ್ತ ಚಾಚಿತು. ಪೊರಕೆಯ ಕೋಲು ಕಬ್ಬಿಣದ ಕಪಾಟಿಗೆ ಟಣ್ಣೆಂದು ಬಡಿಯಿತು.

ಅವಳು ಕಣ್ಣು ಪಿಳುಕಿಸಿದಳು. ತನ್ನ ಕೈ ನೋಡಿಕೊಂಡಳು. ಮೂಲೆಯ ಡಬ್ಬದ ಮೇಲೆ ಕೂತಿದ್ದ ಅಜ್ಜಿ, ಏನೂ ಕೇಳಿಸದವಳಂತೆ ಚಾವಣಿ ನೋಡುತ್ತಿದ್ದಳು.

ಕೋಲನ್ನು ಲೇತಕ್ಕ ಎರಡೂ ಕೈಯಲ್ಲಿ ಹಿಡಿದಳು. ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಹಿಡಿದಳು. ಕೆಂಪು ಹಾಗೇ ಇತ್ತು. ನೋಡುವುದು ಕಷ್ಟವಾಗಿತ್ತು, ಆದರೂ ನೋಡಿದಳು. ಕೆಂಪು ಏರಲಿಲ್ಲ, ಸಿಪ್ಪೆಗಳು ಒಂದೊಂದೂ ತಮ್ಮ ಪಾಲಿನಷ್ಟು ಹೊತ್ತುಕೊಂಡು ಹೋಗುತ್ತಲೇ ಇದ್ದವು. ಹನ್ನೊಂದು ನಿಮಿಷವಾದ ಮೇಲೆ ಟಿಪ್ಪು ತಾನಾಗಿ ಹಿಂದೆ ಸರಿಯಿತು. ಶಾಫ್ಟು ನಿಧಾನವಾಗಿ ನಿಂತಿತು. ಉದ್ದಕ್ಕೂ ಒಂದು ಗೀರಿಲ್ಲ. ಅದರ ಮೈಯಲ್ಲಿ ಚಾವಣಿಯ ಬೆಳಕು ನೀರಿನಂತೆ ಅಲುಗಿತು.

ಮೇಸ್ತ್ರಿ ಅಳತೆಯ ಮೈಕ್ರೋಮೀಟರು ಹಿಡಿದು ಬಂದ. ಬಾಗಿಲು ಸರಿಸಿ ಮೊದಲು ಟಿಪ್ಪಿಗೆ ಬಗ್ಗಿದ. ಮೂಗು ಇದ್ದಲ್ಲೇ ಇತ್ತು. ಅವನ ಮುಖ ಸಡಿಲವಾಯಿತು. “ಸೋಮವಾರ ಇನ್ನೂ ಎಂಟು ಶಾಫ್ಟ್ ಬರುತ್ತೆ ಅಕ್ಕ. ಇಲ್ಲಿಗೇ ಕಳಿಸ್ತೀನಿ.” ಆಮೇಲೆ ಪೊರಕೆಯ ಮೇಲೆ ಕಣ್ಣು ಬಿತ್ತು. “ಇದೇನು, ಅಜ್ಜಿ ಕೆಲಸಾನೂ ನೀವೇ ಮಾಡ್ತೀರಾ?”

“ಕಲೀತಾ ಇದಾಳೆ,” ಅಜ್ಜಿ ಮೂಲೆಯಿಂದ ಅಂದಳು. “ಸುಮಾರಾಗಿ ಬರುತ್ತೆ.”

“ಅಳೀಬಹುದಾ ಅಕ್ಕ? ಬಿಸಿ ಇದೆಯಾ ಇನ್ನೂ?”

ಲೇತಕ್ಕ ಪೊರಕೆಯನ್ನು ಅಜ್ಜಿಗೆ ಕೊಟ್ಟಳು. ಮುಂದೆ ಬಾಗಿ, ಹಣೆ ಮುಟ್ಟಿ ಜ್ವರ ನೋಡುವಂತೆ, ಅಂಗೈಯಲ್ಲ, ಕೈಯ ಹಿಂಬದಿಯನ್ನು ಶಾಫ್ಟಿನ ಮೇಲೆ ಇಟ್ಟಳು. ಅದು ಉಗುರುಬೆಚ್ಚಗಿತ್ತು. ಮೇಸ್ತ್ರಿ ಮೈಕ್ರೋಮೀಟರನ್ನು ಹಾಗೇ ಹಿಡಿದುಕೊಂಡು, ಅವಸರ ಮಾಡದೆ ಕಾದ. ಅಜ್ಜಿ ಗುಡಿಸತೊಡಗಿದಳು. ನೀಲಿ ಸಿಪ್ಪೆಗಳು ಕಿಣಿಕಿಣಿ ಎನ್ನುತ್ತ ಒಂದೇ ರಾಶಿಗೆ ಸೇರುತ್ತಿದ್ದವು. ಲೇತಕ್ಕ ಕೈ ಮಗುಚಿ ಶಾಫ್ಟನ್ನು ಮತ್ತೊಮ್ಮೆ ಮುಟ್ಟಿದಳು.