ಸತ್ಯವತಮ್ಮನವರ ಹೊಟ್ಟೆನೋವು

ರಾಜಾಜಿನಗರದ ಆ ರಸ್ತೆಯಲ್ಲಿ ಸತ್ಯವತಮ್ಮನವರ ಹೊಟ್ಟೆನೋವಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಡೈರಿ ಹಾಲಿನ ಕ್ಯೂನಲ್ಲಿ ನಿಂತವರೆಲ್ಲ ಒಂದೊಂದು ಮದ್ದು ಹೇಳಿಯಾಗಿತ್ತು. ಓಮದ ಕಷಾಯ, ಜೀರಿಗೆ ನೀರು, ಬಾಳೆದಿಂಡಿನ ರಸ. ಮೂಲೆಮನೆಯವರು ದೃಷ್ಟಿ ತೆಗೆಸಿ ಎಂದರು. ಮದ್ದು ಹೇಳುವುದಕ್ಕೆ ನಮ್ಮ ಜನ ಡಾಕ್ಟರಿಕೆ ಓದಬೇಕೇ? ಆಕೆ ಎಲ್ಲವನ್ನೂ ಕುಡಿದರು, ಎಲ್ಲವನ್ನೂ ಮಾಡಿಸಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು. ಯಾವುದರಲ್ಲೂ ಏನೂ ಕಾಣಲಿಲ್ಲ. ಹಾಗಂತ ನೋವು ಸುಳ್ಳಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಎರಡು ತುತ್ತಿಗೆ ಎದ್ದುಬಿಡುತ್ತಿದ್ದರು. ಒಂದೂವರೆ ವರ್ಷದಲ್ಲಿ ರವಿಕೆಗಳನ್ನು ಮೂರು ಸಲ ಹಿಡಿದು ಹೊಲಿದಿದ್ದರು.

ಗಂಡ ಜಗನ್ನಾಥರಾಯರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಒಂದು ದಿನ ಡಾಕ್ಟರು ಅವರನ್ನು ಹೊರಗೆ ಕರೆದು ಹೇಳಿದರು: "ರಾಯರೇ, ಹೀಗೇ ಊಟ ಬಿಟ್ರೆ ಈ ಮಳೆಗಾಲ ದಾಟೋದು ಕಷ್ಟ. ದೇಹದಲ್ಲಿ ಕಾಯಿಲೆ ಇಲ್ಲ. ಮನಸ್ಸಿಗೆ ಏನೋ ಆಗಿದೆ. ಅದನ್ನ ನೋಡೋರ ಹತ್ರ ಕರ್ಕೊಂಡು ಹೋಗಿ."

ರಾಯರಿಗೆ ಮೈ ಉರಿದುಹೋಯಿತು. ನನ್ನ ಹೆಂಡತಿಗೆ ಹುಚ್ಚು ಅಂತೀರಾ ಎಂದು ಕೇಳಿ, ಡಾಕ್ಟರ ಉತ್ತರಕ್ಕೂ ಕಾಯದೆ ಬಂದುಬಿಟ್ಟರು. ಕೋಪದ ಕೆಳಗೆ ಇದ್ದದ್ದು ಹೆದರಿಕೆ. ಆಕೆಯ ಮನಸ್ಸಿಗೆ ಏನಾಗಿದೆ ಎಂಬುದು ಅವರಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಅವರ ಮಗ ಚಕ್ರಪಾಣಿ ತೀರಿಹೋಗಿದ್ದ. ಇಪ್ಪತ್ತು ವರ್ಷದ ಹುಡುಗ. ಪಿಯುಸಿ ಎರಡು ಸಲ ಕೈಕೊಟ್ಟಿತ್ತು. ಅವನು ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದ. ಹೆಣ ಇನ್ನೂ ಮನೆಯಲ್ಲಿರುವಾಗಲೇ ರಾಯರು ಹೆಂಡತಿಯನ್ನೂ ಮಗಳು ಕೋಕಿಲಾಳನ್ನೂ ಕೂರಿಸಿಕೊಂಡು, ಯಾರು ಕೇಳಿದರೂ ತಾಳಲಾರದ ಹೊಟ್ಟೆನೋವು ಎಂದೇ ಹೇಳಬೇಕು ಎಂದು ಕಟ್ಟುಮಾಡಿದರು. ಪೊಲೀಸರಿಗೆ ಬರೆದುಕೊಟ್ಟದ್ದೂ ಅದನ್ನೇ. ನಮ್ಮ ಕಡೆ ಎಷ್ಟು ಮನೆಗಳು ಈ ಒಂದು ವಾಕ್ಯದ ಹಿಂದೆ ಅಡಗಿ ಕೂತಿವೆಯೋ, ದೇವರಿಗೇ ಗೊತ್ತು. ರಾಯರನ್ನು ಬೈಯುವುದು ಸುಲಭ. ಮಗಳಿಗೆ ಮದುವೆಯಾಗಬೇಕಿತ್ತು, ನಾಲ್ಕು ಜನರ ನಡುವೆ ಬಾಳಬೇಕಿತ್ತು.

ಅಂದಿನಿಂದ ಆ ಮನೆಯಲ್ಲಿ ಚಕ್ರಪಾಣಿಯ ಹೆಸರಿಲ್ಲ. ಅವನ ಫೋಟೋ ಟ್ರಂಕು ಸೇರಿತು. ತಾಯಿ ಅತ್ತರೆ ಜನ ಕೆದಕುತ್ತಾರೆಂದು ಸತ್ಯವತಮ್ಮ ಅಳಲೂ ಇಲ್ಲ. ಆರು ತಿಂಗಳಾದ ಮೇಲೆ ಆಕೆಗೆ ಹೊಟ್ಟೆನೋವು ಶುರುವಾಯಿತು.

ಹಿಂದಿನ ಪೋರ್ಷನ್ನಿನಲ್ಲಿ ಅಲಮೇಲು ಎಂಬ ಟೀಚರು ಬಾಡಿಗೆಗಿದ್ದರು. ಗಂಡನನ್ನು ಕಳೆದುಕೊಂಡವರು. ಮಾತು ಕಡಿಮೆ. ಒಂದು ಸಂಜೆ ಅವರು ರಾಯರ ಹತ್ತಿರ ಬಂದು, ಬಸವೇಶ್ವರನಗರದಲ್ಲಿ ಬಸವರಾಜೇಶ್ವರಿ ಎಂಬವರಿದ್ದಾರೆ, ಕೌನ್ಸೆಲಿಂಗ್ ಮಾಡುತ್ತಾರೆ, ಅದಕ್ಕೆಂದೇ ಓದಿದವರು, ಮನೆಯ ಮುಂದಿನ ಕೋಣೆಯಲ್ಲೇ ನೋಡುತ್ತಾರೆ ಎಂದರು. ಮೊದಲು ಕಾಗದ ಬರೆದು ಹೊತ್ತು ಗೊತ್ತುಮಾಡಿಕೊಳ್ಳಬೇಕಂತೆ. ವಾರಕ್ಕೊಂದು ದಿನ, ಒಂದು ಗಂಟೆ. ಫೀಸು ಎಷ್ಟೆಂದು ಮೊದಲೇ ಹೇಳುತ್ತಾರಂತೆ, ಕೈಲಾಗದವರಿಗೆ ಕಡಿಮೆಯಂತೆ.

"ಔಷಧಿ ಏನು ಕೊಡ್ತಾರೆ?" ಎಂದರು ರಾಯರು.

"ಕೊಡಲ್ಲ. ಭವಿಷ್ಯ ಹೇಳಲ್ಲ, ಬುದ್ಧಿನೂ ಹೇಳಲ್ಲ. ಕೇಳಿಸ್ಕೊತಾರೆ."

"ಕೇಳಿಸ್ಕೊಳ್ಳೋದಕ್ಕೂ ಫೀಸಾ? ಅದಕ್ಕೆ ಮನೇಲಿ ನಾವಿಲ್ವಾ?"

ಅಲಮೇಲು ಹೇಳಿದರು: "ಮನೆಯವರ ಮುಂದೆ ಹೇಳೋಕಾಗದೇ ಇರೋದು ಇರುತ್ತಲ್ಲ, ರಾಯರೇ. ನಮ್ಮೆಜಮಾನ್ರು ಹೋದ್ಮೇಲೆ ನಾನು ಆರು ತಿಂಗಳು ಅಲ್ಲಿಗೆ ಹೋದೆ. ಅಲ್ಲಿ ಆಡಿದ ಮಾತು ಒಂದೂ ಈ ರಸ್ತೆಗೆ ಬಂದಿಲ್ಲ. ನಾನು ಹೋಗ್ತಿದ್ದಿದ್ದೇ ನಿಮಗೆ ಗೊತ್ತಿರ್ಲಿಲ್ಲ."

ಅದು ನಿಜ. ಒಂದೇ ಕಾಂಪೌಂಡಿನಲ್ಲಿದ್ದೂ ರಾಯರಿಗೆ ಗೊತ್ತಿರಲಿಲ್ಲ. ಹೆಂಡತಿಯ ಕೈಬಳೆ ಮೊಣಕೈವರೆಗೂ ಜಾರುವುದನ್ನು ನೋಡಿ ನೋಡಿ ಕೊನೆಗೆ ಅವರು ಒಪ್ಪಿದರು.

ಶನಿವಾರ ಮಧ್ಯಾಹ್ನ ಬಸ್ಸಿಳಿದು, ಖಾಲಿ ಸೈಟುಗಳ ನಡುವೆ ನಡೆದುಹೋಗುವಾಗ ರಾಯರು ಹೆಂಡತಿಗೆ ಪಾಠ ಹೇಳಿಕೊಟ್ಟರು. ಹೊಟ್ಟೆನೋವಿನ ವಿಷಯ ಮಾತ್ರ ಹೇಳು, ಅವನ ವಿಷಯ ಎತ್ತಬೇಡ. ಸತ್ಯವತಮ್ಮ ತಲೆಯಾಡಿಸಿದರು. ಮನೆ ಸಿಕ್ಕಿತು. ಬಿಳಿ ಕೋಟಿಲ್ಲ, ಸ್ಟೆತಸ್ಕೋಪಿಲ್ಲ, ಎರಡು ಬೆತ್ತದ ಕುರ್ಚಿ, ಒಂದು ನೀರಿನ ಹೂಜಿ. ಬಸವರಾಜೇಶ್ವರಿಯವರು ನಮ್ಮ ನಿಮ್ಮಂತೆಯೇ ಸಾದಾ ಸೀರೆ ಉಟ್ಟ ಹೆಂಗಸು. ನನ್ನ ಹೆಂಡತಿಗೆ ಮಾತಾಡಲು ಬರುವುದಿಲ್ಲ, ನಾನೇ ಹೇಳುತ್ತೇನೆ ಎಂದು ರಾಯರು ಒಳಗೆ ಹೊರಟರು. ಬಸವರಾಜೇಶ್ವರಿಯವರು ನಯವಾಗಿಯೇ ಅವರನ್ನು ವರಾಂಡದಲ್ಲಿ ಕೂರಿಸಿ, ಬಾಗಿಲು ಹಾಕಿಕೊಂಡರು. ಒಳಗಿನ ಮಾತು ಹೊರಗೆ ಕೇಳದಿರಲೆಂದು ವರಾಂಡದಲ್ಲಿ ರೇಡಿಯೋ ಹಾಕಿದ್ದರು. ರಾಯರು ಕಿವಿ ನಿಮಿರಿಸಿ ಕೂತರೂ ಒಂದು ಗಂಟೆ ಕೇಳಿಸಿದ್ದು ರಾಗಿ ಬಿತ್ತನೆಯ ವಿಚಾರ ಮಾತ್ರ.

ಹೊರಗೆ ಬಂದ ಹೆಂಡತಿಯನ್ನು, ಏನು ಹೇಳಿದೆ ಎಂದು ಕೇಳಿದರು.

"ಏನೂ ಹೇಳ್ಲಿಲ್ಲ. ಬಾಯೇ ಬರ್ಲಿಲ್ಲ. ಪರವಾಗಿಲ್ಲ ಅಂದ್ರು. ನೀರು ಕೊಟ್ರು."

ಸುಮ್ಮನೆ ಕೂರುವುದಕ್ಕೆ ಬಸ್ಸು ಹತ್ತಿ ಇಷ್ಟು ದೂರ ಬರಬೇಕೇ ಎಂದು ರಾಯರು ದಾರಿಯುದ್ದಕ್ಕೂ ಗೊಣಗಿದರು. ಆದರೆ ಮುಂದಿನ ವಾರ ಸತ್ಯವತಮ್ಮ ತಾವಾಗಿಯೇ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು.

ಮೂರನೆಯ ವಾರ ಮನೆಗೆ ಬಂದವರು ಅಳತೊಡಗಿದರು. ಅಡುಗೆಮನೆಯಲ್ಲಿ ಅತ್ತರು, ಬಟ್ಟೆ ಒಗೆಯುತ್ತ ಅತ್ತರು, ಮಗನ ಹೆಸರು ಹಿಡಿದು ಅತ್ತರು. ನಾಲ್ಕು ದಿನವಾದರೂ ನಿಲ್ಲಲಿಲ್ಲ. ಕೋಕಿಲಾ ತಾಯಿಯ ಬೆನ್ನು ಸವರುತ್ತ ತಾನೂ ಅತ್ತಳು. ರಾಯರಿಗೆ ಕೈಕಾಲು ಆಡಲಿಲ್ಲ. ಹೋಗುವ ಮುಂಚೆ ಇಲ್ಲದ ಅಳು ಹೋದಮೇಲೆ ಬಂತು, ಇದೆಂಥ ವಾಸಿ ಮಾಡುವುದು? ಐದನೆಯ ದಿನ ಕಚೇರಿಗೆ ರಜೆ ಹಾಕಿ ಒಬ್ಬರೇ ಬಸವೇಶ್ವರನಗರಕ್ಕೆ ಹೋದರು.

ಬಸವರಾಜೇಶ್ವರಿಯವರು ಬೇಸರಪಡದೆ ಕೂರಿಸಿದರು. ಎರಡು ವರ್ಷ ಅದುಮಿಟ್ಟ ಅಳು ಅದು, ಶುರುವಿನಲ್ಲಿ ನೋವು ಹೆಚ್ಚಾದಂತೆ ಕಾಣುವುದುಂಟು, ನೀವು ಅವರನ್ನು ತಡೆಯಬೇಡಿ, ಹತ್ತಿರ ಇರಿ ಎಂದರು. ರಾಯರಿಗೆ ಅದು ಸಾಲಲಿಲ್ಲ.

"ಅವಳು ನಿಮ್ಮ ಹತ್ರ ಏನೇನು ಹೇಳಿದಾಳೆ, ನನಗೆ ಗೊತ್ತಾಗ್ಬೇಕು."

"ಅದನ್ನ ನಾನು ಹೇಳೋ ಹಾಗಿಲ್ಲ. ಅವರ ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಮನೆಯವರಿಗೆ ತಿಳಿಸ್ತೀನಿ. ಹಾಗಂತ ಮೊದಲ ದಿನವೇ ಅವರಿಗೆ ಹೇಳಿದೀನಿ. ಉಳಿದದ್ದೆಲ್ಲ ಅವರದು."

"ನಾನು ಅವಳ ಗಂಡ."

"ಗೊತ್ತು, ರಾಯರೇ."

ಎರಡು ವರ್ಷ ರಾಯರು ಹೆದರಿದ್ದು, ಮನೆಯ ಮಾತು ಎಲ್ಲಿ ಹೊಸಿಲು ದಾಟುತ್ತದೋ ಎಂದು. ಇಲ್ಲಿ ನೋಡಿದರೆ ಕೈಹಿಡಿದ ಗಂಡನಿಗೂ ಮಾತು ಬಿಟ್ಟುಕೊಡದ ಹೆಂಗಸು ಕೂತಿದ್ದಾರೆ. ಅವರ ಕೋಪ ಇಳಿಯಿತು. ಕೋಪ ಇಳಿದ ಮೇಲೆ ಹಿಡಿದುಕೊಳ್ಳುವುದಕ್ಕೆ ಅವರ ಹತ್ತಿರ ಬೇರೇನೂ ಉಳಿದಿರಲಿಲ್ಲ.

"ನನ್ನ ಮಗ ಹೊಟ್ಟೆನೋವಿಂದ ಹೋಗ್ಲಿಲ್ಲ. ತಾನಾಗೇ ಹೋದ," ಎಂದರು. ಬಾಯಿಬಿಟ್ಟು ಹೀಗೆ ಹೇಳಿದ್ದು ಅದೇ ಮೊದಲು.

ಆಮೇಲೆ ಉಳಿದದ್ದೂ ಬಂತು. ಎರಡನೆಯ ಸಲ ಫೇಲಾದ ಮೇಲೆ ರಾಯರು ಮಗನೊಡನೆ ಮಾತು ಬಿಟ್ಟಿದ್ದರು. ಹೊಡೆಯಲಿಲ್ಲ, ಬೈಯಲಿಲ್ಲ. 'ಊಟಕ್ಕೆ ಬರೋಕೆ ಹೇಳು ಅವನಿಗೆ' ಎಂದು ಹೆಂಡತಿಯ ಕೈಲಿ ಹೇಳಿಸುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ಕೊನೆಯ ಸಂಜೆ ಚಕ್ರಪಾಣಿ ನಡುಮನೆಯ ಬಾಗಿಲಲ್ಲಿ ನಿಂತು 'ಅಪ್ಪಾ' ಎಂದ. ರಾಯರಿಗೆ ಕೇಳಿಸಿತು. ಪೇಪರಿನಿಂದ ತಲೆ ಎತ್ತಲಿಲ್ಲ. ಇನ್ನೊಂದು ಸಲ ಕರೆಯಲಿ, ಆಗ ನೋಡೋಣ ಎಂದುಕೊಂಡರು. ಅವನು ಇನ್ನೊಂದು ಸಲ ಕರೆಯಲಿಲ್ಲ.

ಐವತ್ತೆರಡು ವರ್ಷದ ಗಂಡಸು ಬೆತ್ತದ ಕುರ್ಚಿಯಲ್ಲಿ ಕೂತು ಎಳೆಮಗುವಿನ ಹಾಗೆ ಅತ್ತರು. ಬಸವರಾಜೇಶ್ವರಿಯವರು ಸುಮ್ಮನಿರಿ ಎನ್ನಲಿಲ್ಲ. ಅಳು ತಗ್ಗಿದ ಮೇಲೆ ಹೇಳಿದರು: "ನಿಮ್ಮ ತಪ್ಪಿಲ್ಲ ಅಂತ ನಾನೀಗ ಅಂದ್ರೆ ನೀವು ನಂಬಲ್ಲ. ಒಂದೇ ಕಾರಣಕ್ಕೆ ಯಾರೂ ಹೀಗೆ ಹೋಗಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಮಿಕ್ಕಿದ್ದನ್ನ ನಿಧಾನವಾಗಿ ನೋಡೋಣ. ನಿಮ್ಮನೆಯವರು ಒಪ್ಪಿದ್ರೆ ಇಬ್ಬರೂ ಒಟ್ಟಿಗೇ ಬನ್ನಿ."

ಮನೆಗೆ ಬಂದಾಗ ಸತ್ಯವತಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ರಾಯರು ಚಪ್ಪಲಿ ಬಿಟ್ಟು ಬಂದು ಎದುರಿಗೆ ನೆಲದ ಮೇಲೆಯೇ ಕೂತರು. ಆ ಸಂಜೆಯ ಮಾತನ್ನು, ಮಗ ಕರೆದದ್ದನ್ನು, ತಾವು ತಲೆ ಎತ್ತದೆ ಇದ್ದದ್ದನ್ನು ಹೇಳಿದರು. ಹೇಳುವಾಗ ಹೆಂಡತಿಯ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಸತ್ಯವತಮ್ಮ ಮೊರ ಕೆಳಗಿಟ್ಟರು.

"ನಂಗೊತ್ತು," ಎಂದರು. "ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ನೋಡ್ದೆ. ನಾನು ನೋಡಿದ್ದು ನಿಮಗೆ ಗೊತ್ತಾದ್ರೆ ನೀವು ಉಳಿಯಲ್ಲ ಅಂತ ಹೇಳ್ಲಿಲ್ಲ." ಆಮೇಲೆ ಅಂದರು, "ರೀ, ಮಗ ಕರೀತಿದಾನೆ ಅಂತ ನಾನಾದ್ರೂ ಅನ್ಬೋದಿತ್ತು. ಅನ್ಲಿಲ್ಲ."

ಎರಡು ವರ್ಷ ಒಂದೇ ಚಾವಣಿಯ ಕೆಳಗೆ ಅವರಿಬ್ಬರೂ ಒಂದೇ ಗಳಿಗೆಯನ್ನು ಬಚ್ಚಿಟ್ಟುಕೊಂಡಿದ್ದರು. ಅಂದು ಇಬ್ಬರೂ ಸೇರಿ ಮಗನಿಗಾಗಿ ಅತ್ತರು. ಹೋದವನು ಬರಲಿಲ್ಲ. ಹೊಟ್ಟೆನೋವೂ ಒಂದೇ ದಿನಕ್ಕೆ ಮಾಯವಾಗಲಿಲ್ಲ. ಎಂಟು ತಿಂಗಳು ಇಬ್ಬರೂ ಹೋಗಿಬಂದರು. ಕೆಲವು ವಾರ ಒಳ್ಳೆಯದಿತ್ತು, ಕೆಲವು ವಾರ ಇರಲಿಲ್ಲ. ಮಳೆಗಾಲ ದಾಟಿತು. ದೀಪಾವಳಿಯ ಹೊತ್ತಿಗೆ ಸತ್ಯವತಮ್ಮ ಇನ್ನೊಂದು ಸೌಟು ಸಾರು ಬಡಿಸು ಎಂದು ಕೋಕಿಲಾಳನ್ನು ಕೇಳಿದರು. ಅವಳು ಬಡಿಸಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಹೆಸರಿಲ್ಲದ ನೋವು ಕೂತಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ. ದೇಹದಲ್ಲಿ ಏನೂ ಇಲ್ಲವೆಂದರೆ ನೋವು ಸುಳ್ಳೆಂದು ತಿಳಿಯಬೇಡಿ, ಮನಸ್ಸಿನ ಮಾತು ಕೇಳುವವರ ಹತ್ತಿರ ಹೋಗಿ. ಹೋದವರೆಲ್ಲ ಹುಚ್ಚರಲ್ಲ. ಮೊದಲ ದಿನ ಬಾಯಿ ಬಾರದಿದ್ದರೆ ನಾಚಬೇಡಿ. ಅಳು ಬಂದರೆ ಹೆದರಬೇಡಿ. ಒಬ್ಬರು ಸರಿಹೊಂದದಿದ್ದರೆ ಇನ್ನೊಬ್ಬರನ್ನು ಹುಡುಕಿ. ಜೊತೆಗೆ ಹೋದವರು ಹೊರಗೆ ಕಾಯಿರಿ, ಒಳಗಿನ ಮಾತು ಕೆದಕಬೇಡಿ. ಬದುಕು ಬೇಡ ಎನ್ನುವವರು, ಮಾತು ಬಿಟ್ಟು ಮೂಲೆ ಸೇರಿದವರು ಮನೆಯಲ್ಲಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಇವತ್ತೇ ಕರೆದುಕೊಂಡು ಹೋಗಿ. ಅವರು ಕರೆದಾಗ, ಎಷ್ಟೇ ಮುನಿಸಿರಲಿ, ಮೊದಲು ಓಗೊಡಿ.